ಅಲ್ಲಾಡದ ತಲೆ

ಭಾನುವಾರ ಬೆಳಿಗ್ಗೆ ಸ್ಟೋರ್‌ಕೀಪರು ಹಿತ್ತಲಲ್ಲಿ ಛತ್ರಿಯನ್ನು ತಲೆಕೆಳಗಾಗಿ ಹಿಡಿದು, ಒಂದು ಆಲೂಗಡ್ಡೆಯನ್ನು ದುರುಗುಟ್ಟಿ ನೋಡುತ್ತ ನಿಂತದ್ದಕ್ಕೆ ಕಾರಣ, ಹಿಂದಿನ ಸಂಜೆ ಮ್ಯಾನೇಜರು ಆಡಿದ್ದ ಎರಡು ಮಾತು. "ನಾಳೆ ಸಾಯಂಕಾಲ ನನ್ನ ಜೊತೆ ಗಾಲ್ಫ್ ಆಡೋಕೆ ಬನ್ನಿ. ಏನೂ ಬರದಿದ್ರೂ ಪರವಾಗಿಲ್ಲ, ಕೋಲು ಬೀಸುವಾಗ ತಲೆ ಮಾತ್ರ ಅಲ್ಲಾಡಬಾರದು."

ಗಾಲ್ಫ್ ಎಂಬುದನ್ನು ಸ್ಟೋರ್‌ಕೀಪರು ಟೀವಿಯಲ್ಲಿ ಚಾನೆಲ್ ಬದಲಾಯಿಸುವಾಗ ಕಂಡಿದ್ದಷ್ಟೇ. ಆದರೂ ಆಗಲ್ಲ ಎನ್ನುವ ಹಾಗಿರಲಿಲ್ಲ. ಪಂಪು ತಯಾರಿಸುವ ಅವರ ಕಂಪನಿ ಗುಡ್ಡದಾಚೆ, ರೈಲು ಕೂಡ ಮುಟ್ಟದ ಊರಿನಲ್ಲಿ ಹೊಸ ಶಾಖೆ ತೆರೆಯುತ್ತಿತ್ತು. ಇಲ್ಲಿಂದ ಒಬ್ಬರನ್ನು ಅಲ್ಲಿಗೆ ಸಾಗಹಾಕಬೇಕು, ಯಾರನ್ನು ಎಂಬುದು ಸೋಮವಾರ ತೀರ್ಮಾನ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟು ವರ್ಷಗಟ್ಟಲೆ ನೊಣ ಹೊಡೆಯುತ್ತಿದ್ದ ಹೆಂಡತಿಗೆ ಈಗಷ್ಟೇ ಗಿರಾಕಿಗಳು ಬರತೊಡಗಿದ್ದರು. ಅದನ್ನು ಮುಚ್ಚಿ ಬಾ ಎಂದು ಯಾವ ಬಾಯಲ್ಲಿ ಹೇಳುವುದು? ಮನಸ್ಸಿಗೆ ಹಿಡಿಸಿದವರನ್ನು ಮ್ಯಾನೇಜರು ಹತ್ತಿರವೇ ಇಟ್ಟುಕೊಳ್ಳುತ್ತಾರೆ, ದೂರ ಅಟ್ಟುವುದಿಲ್ಲ ಎಂಬುದು ಸ್ಟೋರ್‌ಕೀಪರ ಲೆಕ್ಕಾಚಾರ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಕಷ್ಟವೆಲ್ಲ ಇದ್ದದ್ದು ತಲೆಯಲ್ಲಿ. ಅರ್ಧ ಆಯುಷ್ಯ ಸ್ಟೋರ್ ಕಾಯ್ದ ತಲೆ ಅದು. ಒಂದು ಬೋಲ್ಟು ಕಿಟಕಿ ದಾಟಿದರೂ ಅದು ಯಾರ ಜೇಬು ಸೇರುತ್ತದೋ ಎಂದು ಗೇಟಿನವರೆಗೆ ಹಿಂಬಾಲಿಸಿ ನೋಡಲೇಬೇಕು. ಹಾಗಾಗಿ ಛತ್ರಿ ತಾಗುವ ಮೊದಲೇ ತಲೆ ಎದ್ದು, ಆಲೂಗಡ್ಡೆ ಎಲ್ಲಿಗೆ ಹೋಯಿತೆಂದು ಹುಡುಕುತ್ತಿತ್ತು. ಆಲೂಗಡ್ಡೆ ಪಾಪ ಅಲ್ಲೇ ಇರುತ್ತಿತ್ತು.

ಪಕ್ಕದ ಮನೆಯ ನಿವೃತ್ತ ಡ್ರಿಲ್ ಮಾಸ್ತರು ಗೋಡೆಯ ಮೇಲಿಂದ ಇದನ್ನು ಕಣ್ತುಂಬ ನೋಡಿ, ಯಾರೂ ಕರೆಯದಿದ್ದರೂ ಒಳಗೆ ಬಂದರು.

"ಏನ್ ಸಾರ್, ಹಾವಾ?"

"ಅಲ್ಲ ಮಾಸ್ತರೇ, ಗಾಲ್ಫು. ತಲೆ ಅಲ್ಲಾಡಬಾರದಂತೆ."

"ಅಷ್ಟೇನಾ? ಸಾವಿರಾರು ತಲೆ ನೆಟ್ಟಗೆ ನಿಲ್ಲಿಸಿದೀನಿ ನಾನು, ನಿಮ್ಮದ್ಯಾವ ಲೆಕ್ಕ!"

ಮಾಸ್ತರು ಎದುರಿಗೆ ನಿಂತು ಸ್ಟೋರ್‌ಕೀಪರ ತಲೆಯನ್ನು ಕಲ್ಲಂಗಡಿಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು "ಹ್ಞೂಂ, ಬೀಸಿ!" ಎಂದು ಗರ್ಜಿಸಿದರು. ಸ್ಟೋರ್‌ಕೀಪರು ಬೀಸಿದರು. ತಲೆ ಅಲ್ಲಾಡಲಿಲ್ಲ. ಛತ್ರಿ ಮಾತ್ರ ಮಾಸ್ತರ ಮೊಣಕಾಲಿಗೆ ಬಡಿದು, ಅವರು ಕೂಗಿಕೊಳ್ಳುತ್ತ ಒಂಟಿ ಕಾಲಲ್ಲಿ ಇಡೀ ಹಿತ್ತಲು ಪ್ರದಕ್ಷಿಣೆ ಹಾಕಿದರು.

ಆ ಕೂಗಿಗೆ ಮಹಡಿ ಮನೆಯ ಕಾಂಪೌಂಡರು ಮುಲಾಮು ಹಿಡಿದು ಇಳಿದು ಬಂದರು. ವಿಷಯ ಕೇಳಿದ್ದೇ ಮುಲಾಮನ್ನೂ ಮೊಣಕಾಲನ್ನೂ ಮರೆತರು.

"ಕೈಯಲ್ಲಿ ಹಿಡಿದ್ರೆ ತಲೆ ನಿಲ್ಲುತ್ತೇನ್ರೀ? ತಾಳಿ, ನನ್ನ ಹತ್ರ ಮದ್ದಿದೆ."

ಕತ್ತು ಉಳುಕಿದವರಿಗೆ ಹಾಕುವ ದಪ್ಪ ಪಟ್ಟಿ ಕೆಳಗೆ ಬಂತು. ಕೊರಳಿಗೆ ಬಿಗಿದರೆ ಸ್ಟೋರ್‌ಕೀಪರ ಮೂಗು ಆಕಾಶ ನೋಡಿತು. "ಆಲೂಗಡ್ಡೆ ಮೇಲಿಲ್ಲವಲ್ಲ" ಎಂದು ಕಾಂಪೌಂಡರು ಪಟ್ಟಿಯನ್ನು ಹಿಂದುಮುಂದು ಮಾಡಿ ಮತ್ತೆ ಬಿಗಿದರು. ಈಗ ಗಲ್ಲ ಎದೆಗೆ ಅಂಟಿತು. ಬೀಸಿದ ಏಟಿಗೆ ಆಲೂಗಡ್ಡೆ ಗೋಡೆ ಹಾರಿಹೋಯಿತು. ಮೂವರೂ ಹೋ ಎಂದರು.

ಆದರೆ ಬಿಚ್ಚಲು ಹೋದರೆ ಪಟ್ಟಿಯ ಕೊಂಡಿ ಕಚ್ಚಿಕೊಂಡಿತ್ತು. ಹೆಂಡತಿ ಕತ್ತರಿ ತಂದಳು.

"ಅಯ್ಯೋ ಬೇಡಮ್ಮಾ, ಅದು ಆಸ್ಪತ್ರೆ ಸಾಮಾನು!" ಎಂದು ಕಾಂಪೌಂಡರು ಅಡ್ಡ ನಿಂತರು.

"ಹಾಗಾದ್ರೆ ನಮ್ಮನೆಯವರೂ ಆಸ್ಪತ್ರೆ ಸಾಮಾನೇ ಆಗಿಬಿಡ್ಬೇಕಾ?"

ಇಕ್ಕಳ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹೊತ್ತು ಮೀರಿತು. ಸ್ಟೋರ್‌ಕೀಪರು ಪಟ್ಟಿ ಸಮೇತ ಹೊರಟರು. ದಾರಿಯುದ್ದಕ್ಕೂ ಅವರಿಗೆ ಕಂಡದ್ದು ಜಗತ್ತಿನ ಕಾಲುಗಳಷ್ಟೇ. ಮೈದಾನದ ಬಾಗಿಲಲ್ಲಿ ಹೊಳೆಯುವ ಕರಿ ಬೂಟು ಕಂಡು "ನಮಸ್ಕಾರ ಸಾರ್, ತಡವಾಯ್ತು" ಎಂದು ಕೈಮುಗಿದರೆ, "ನಾನು ವಾಚ್‌ಮನ್ನು ಸ್ವಾಮಿ" ಎಂದು ಬೂಟು ಉತ್ತರಿಸಿತು.

ಮ್ಯಾನೇಜರು ಪಟ್ಟಿ ನೋಡಿ ಬೆರಗಾದರು. "ಇದೇನ್ರೀ ಕತ್ತಿಗೆ?"

"ಅಭ್ಯಾಸಕ್ಕೆ ಸಾರ್. ತಲೆ ಅಲ್ಲಾಡಬಾರದು ಅಂದಿದ್ರಲ್ಲ."

"ಭಲೇ!" ಎಂದರು ಮ್ಯಾನೇಜರು.

ಸ್ಟೋರ್‌ಕೀಪರು ಉಸಿರು ಬಿಗಿಹಿಡಿದು ಕೋಲು ಬೀಸಿದರು. ಟಕ್ ಎಂದಿತು. ಕಣ್ಣ ಮುಂದಿದ್ದ ಬಿಳಿ ಚೆಂಡು ಇಲ್ಲವಾಗಿ, ಬರೀ ಹುಲ್ಲು ಉಳಿಯಿತು.

"ಎಲ್ಲಿ ಹೋಯ್ತು ಸಾರ್?"

"ಎಲ್ಲಿ ಹೋಗ್ಬೇಕೋ ಅಲ್ಲಿಗೇ ಹೋಗಿದೆ ಕಣ್ರೀ!"

ಒಂದು ವಸ್ತು ಕೈಬಿಟ್ಟು ಹೋದರೂ ಅದರ ಹಿಂದೆ ಹೋಗಬೇಕಿಲ್ಲ ಎಂಬ ಸುಖ ಸ್ಟೋರ್‌ಕೀಪರಿಗೆ ಹುಟ್ಟಿದ ಮೇಲೆ ಇದೇ ಮೊದಲು. ಮೈ ಹಗುರಾಯಿತು. ಮತ್ತೆ ಬೀಸಿದರು, ಮತ್ತೆ ಟಕ್. ಕತ್ತಲಾಗುವ ಹೊತ್ತಿಗೆ ಮ್ಯಾನೇಜರು ಅವರ ಹೆಗಲ ಮೇಲೆ ಕೈ ಹಾಕಿದ್ದರು. ಇದೇ ಸಮಯವೆಂದು ಸ್ಟೋರ್‌ಕೀಪರು ಮನಸ್ಸು ಬಿಚ್ಚಿದರು.

"ಸಾರ್, ನಂದೊಂದೇ ಆಸೆ. ಕೊನೇ ತನಕ ನಿಮ್ಮ ಹತ್ರಾನೇ ಕೆಲಸ ಮಾಡ್ಕೊಂಡು ಇದ್ದುಬಿಡ್ಬೇಕು."

ಮ್ಯಾನೇಜರು ಅವರ ಎರಡೂ ಕೈ ಹಿಡಿದುಕೊಂಡರು. "ಈ ಮಾತು ನಿಮ್ಮ ಬಾಯಲ್ಲೇ ಬಂತಲ್ಲ! ಯಾರಿಗೂ ಹೇಳಿಲ್ಲ, ಹೊಸ ಶಾಖೆಗೆ ಮುಖ್ಯಸ್ಥನಾಗಿ ನಾನೇ ಹೋಗ್ತಿದೀನಿ. ಅಲ್ಲಿ ಗಾಲ್ಫ್ ಮೈದಾನ ಇದೆ, ಆಡೋಕೆ ನರಪಿಳ್ಳೆ ಇಲ್ಲ. ಜೊತೆಗೆ ಕರ್ಕೊಂಡು ಹೋಗೋಕೆ ಒಬ್ಬರನ್ನ ಹುಡುಕ್ತಿದ್ದೆ. ಹೋದ ವಾರ ಕ್ಯಾಷಿಯರನ್ನ ಕರೆಸಿದ್ದೆ, ತಲೆ ಟೇಬಲ್ ಫ್ಯಾನ್ ತಿರುಗಿದ ಹಾಗೆ ತಿರುಗ್ತಿತ್ತು. ನೀವೇ ಸರಿ. ಒಪ್ಪಿಗೆ ತಾನೇ?"

ಒಲ್ಲೆ ಒಲ್ಲೆ ಎಂದು ತಲೆ ಕೊಡವಲು ಸ್ಟೋರ್‌ಕೀಪರು ಮೈಯ ಬಲವನ್ನೆಲ್ಲ ಕತ್ತಿಗೆ ತಂದರು. ಪಟ್ಟಿ ಎಳ್ಳಷ್ಟೂ ಜಗ್ಗಲಿಲ್ಲ. ಈಗತಾನೇ ಆಡಿದ ಮಾತನ್ನು ನುಂಗಲು ಬಾಯಿಗೂ ಧೈರ್ಯ ಸಾಲಲಿಲ್ಲ. ಬಗ್ಗಿದ ತಲೆ ನೋಡಿ ಮ್ಯಾನೇಜರು ಅದನ್ನು ಕೃತಜ್ಞತೆ ಎಂದುಕೊಂಡರು.

ಮನೆ ಬಾಗಿಲಲ್ಲಿ ಮೂರು ಜೊತೆ ಕಾಲು ಕಾಯುತ್ತಿದ್ದವು. ಮಾಸ್ತರದ್ದು ಊದಿದ ಮೊಣಕಾಲು, ಕಾಂಪೌಂಡರದ್ದು ರಬ್ಬರ್ ಚಪ್ಪಲಿ, ಹೆಂಡತಿಯ ಪಾದಕ್ಕೆ ಹೊಲಿಗೆಯ ದಾರದ ತುಣುಕು ಅಂಟಿತ್ತು. ಕಾಂಪೌಂಡರು ಇಕ್ಕಳ ಹಾಕಿ ಪಟ್ಟಿ ಬಿಚ್ಚಿದರು.

"ಬೀಸುವಾಗ ತಲೆ ಅಲ್ಲಾಡ್ತಾ?"

"ಇಲ್ಲ."

"ನೋಡಿದ್ರಾ ನನ್ನ ಕೈಗುಣ!" ಎಂದರು ಮಾಸ್ತರು. "ಕೈಯಲ್ಲ, ಪಟ್ಟಿ!" ಎಂದರು ಕಾಂಪೌಂಡರು. ಇಬ್ಬರೂ ಜಗಳಕ್ಕೇ ನಿಂತರು.

ಪಟ್ಟಿ ಬಿಚ್ಚಿದರೂ ಸ್ಟೋರ್‌ಕೀಪರ ತಲೆ ಮೇಲೇಳಲಿಲ್ಲ. ಹೆಂಡತಿಯ ಮುಖ ನೋಡಲಾಗದೆ, ನೆಲ ನೋಡುತ್ತಲೇ ನಡೆದದ್ದೆಲ್ಲ ಹೇಳಿದರು.

"ಪಟ್ಟಿ ಹಾಕಿದ್ದು ಕಾಂಪೌಂಡರೇ" ಎಂದರು ಮಾಸ್ತರು ಮೆಲ್ಲಗೆ. "ಮೊದಲು ತಲೆ ಹಿಡಿದಿದ್ದು ಮಾಸ್ತರು" ಎಂದರು ಕಾಂಪೌಂಡರು.

ಹೆಂಡತಿ ಕಣ್ಣೊರೆಸಿಕೊಂಡು ಮುಂದಿನ ಕೋಣೆಯ ದೀಪ ಹಾಕಿದಳು.

"ಇಬ್ಬರೂ ಬನ್ನಿ ಇಲ್ಲಿ. ನಮ್ಮನೆಯವರ ತಲೆ ಹಿಡಿದಿದ್ದು ಸಾಕು. ಈಗ ಹೊಲಿಗೆ ಮಿಷನ್ನೂ ಗುಡ್ಡದಾಚೆಗೆ ಹೊರಡ್ಬೇಕು, ಅದರ ಒಂದು ತುದಿ ನೀವು ಹಿಡೀರಿ, ಇನ್ನೊಂದು ನೀವು."