ಉಸಿರು ಬಿಗಿಹಿಡಿದು ಕಟ್ಟಿದ ಪಂಚೆ

ಪಂಚೆ ಕಟ್ಟಲು ಎರಡು ಜಾಗಗಳಿವೆ ಎಂಬುದು ಗಂಡಸಿಗೆ ಹೊಟ್ಟೆ ಬಂದ ಮೇಲೆಯೇ ತಿಳಿಯುವುದು. ಮನೆಯಲ್ಲಿ, ಅಂಗಡಿಯಲ್ಲಿ, ಕಟ್ಟೆಯ ಮೇಲೆ ಅದು ಹೊಟ್ಟೆಯ ಕೆಳಗೆ ಆರಾಮಾಗಿ ಇರುತ್ತದೆ. ಬೀಗರು ಬಂದರೆ, ಸ್ವಾಮಿಗಳು ಎದುರಾದರೆ, ಯಾರಾದರೂ ಫೋಟೋಕ್ಕೆ ನಿಲ್ಲಿಸಿದರೆ ಮಾತ್ರ ಉಸಿರು ಒಳಗೆಳೆದು, ಹೊಟ್ಟೆಯನ್ನು ಎದೆಯೊಳಗೆ ಅಡಗಿಸಿ, ಪಂಚೆಯನ್ನು ಹೊಕ್ಕುಳಿನಿಂದ ಮೇಲಕ್ಕೆ ಏರಿಸುತ್ತೇವೆ. ಬಂದವರು ಅತ್ತ ಹೋಗುವುದೇ ತಡ, ಹೊಟ್ಟೆಯೂ ಪಂಚೆಯೂ ಸ್ವಸ್ಥಾನಕ್ಕೆ ಇಳಿಯುತ್ತವೆ. ನ್ಯಾಮತಿಯಲ್ಲಿ ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ನಾನು ಈ ಏರಿಳಿತದಲ್ಲೇ ಅರ್ಧ ಆಯುಷ್ಯ ಕಳೆದವನು. ಮೈಕ್ ನನ್ನದೇ ಆದ್ದರಿಂದ ಹೊನ್ನಾಳಿ, ಚನ್ನಗಿರಿಯ ಕಡೆಯ ಮದುವೆಗಳಲ್ಲಿ ಮಾತಾಡುವವನೂ ನಾನೇ. ಬಾಡಿಗೆ ಮೈಕಿಗೆ ಮಾತ್ರ, ಮಾತು ಪುಕ್ಕಟೆ. ಪುಕ್ಕಟೆಯಾದ್ದರಿಂದ ಸ್ವಲ್ಪ ಜಾಸ್ತಿಯೇ ಆಡುತ್ತೇನೆ ಎಂದು ಹೇಳುವವರೂ ಇದ್ದಾರೆ.

ಇಂಥ ನನಗೆ ಕರುಳಿನಲ್ಲಿ ಗಡ್ಡೆಯಾಯಿತು. ದಾವಣಗೆರೆಯ ಡಾಕ್ಟರು ಗಡ್ಡೆ ತೆಗೆದು, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿಯುತ್ತೇವೆ ಎಂದರು. ಅದಕ್ಕೆ ಸ್ಟೋಮಾ, ಅಂದರೆ ಬಾಯಿ, ಎಂದು ಹೆಸರು. ಇನ್ನು ಮೇಲೆ ಮಲ ಆ ಬಾಯಿಂದಲೇ ಬಂದು ಮೇಲೆ ಅಂಟಿಸಿದ ಚೀಲಕ್ಕೆ ಬೀಳುತ್ತದೆ. ಆಪರೇಷನ್ನಿನ ಹಿಂದಿನ ದಿನ ಸಿಸ್ಟರ್ ಒಬ್ಬರು ಪೆನ್ನು ಹಿಡಿದು ಬಂದರು. ಬಾಯಿ ಎಲ್ಲಿರಬೇಕೆಂದು ಗುರುತು ಹಾಕುವುದು ಅವರ ಕೆಲಸ. ನನ್ನನ್ನು ನಿಲ್ಲಿಸಿದರು, ಕೂರಿಸಿದರು, ಬಗ್ಗಿಸಿದರು. "ಅಣ್ಣಾರೆ, ದಿನಾ ಪಂಚೆ ಎಲ್ಲಿ ಕಟ್ತೀರಿ? ಹಂಗೇ ಕಟ್ಟಿ ತೋರಿಸ್ರಿ. ಗಂಟು ಬರೋ ಜಾಗ ಬಿಟ್ಟು ಗುರುತು ಹಾಕಬೇಕು" ಎಂದರು.

ಎದುರಿಗೆ ಹೆಣ್ಣುಮಗಳು, ಅದೂ ಓದಿದವರು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಉಸಿರು ಒಳಗೆ ಹೋಯಿತು, ಪಂಚೆ ಮೇಲೆ ಹೋಯಿತು. "ದಿನಾ ಹಿಂಗೇ ಏನ್ರಿ?" ಎಂದರು. "ಹ್ಞೂಂ" ಎಂದೆ. ಉಸಿರು ಬಿಗಿಹಿಡಿದವನಿಂದ ಅದಕ್ಕಿಂತ ಉದ್ದದ ಸುಳ್ಳು ಬರುವಂತಿರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಗಿರಿಜಾ "ಅಯ್ಯೋ, ರೀ..." ಎಂದು ಬಾಯಿ ತೆಗೆದಳು. ಕಣ್ಣು ಕೆಂಪಗೆ ಮಾಡಿ ನೋಡಿದೆ, ಸುಮ್ಮನಾದಳು. ಸಿಸ್ಟರ್ ಗಂಟಿಗಿಂತ ಸಾಕಷ್ಟು ಕೆಳಗೆ, ಎಡಕ್ಕೆ, ಗುರುತು ಹಾಕಿ ಹೋದರು.

ಮನೆಗೆ ಬಂದು ಪಂಚೆ ಉಟ್ಟ ದಿನ ಗೊತ್ತಾಯಿತು ನೋಡಿ. ನನ್ನ ನಿಜವಾದ ಗಂಟು ಸರಿಯಾಗಿ ಆ ಬಾಯಿಯ ಮೇಲೆಯೇ ಬಂದು ಕೂತಿತು. ಮೇಲಾಗಿ ಉಸಿರು ಬಿಟ್ಟ ಹೊಟ್ಟೆ ಮುಂದೆ ಬಾಗಿ, ಆ ಬಾಯಿ ಅದರ ಮರೆಗೆ ಹೋಗಿಬಿಟ್ಟಿತ್ತು. ನನ್ನದೇ ಅಂಗವನ್ನು ನೋಡಲು ಗಿರಿಜಾಳ ಕುಂಕುಮದ ಕನ್ನಡಿ ಬೇಕಾಯಿತು. ಚೀಲ ಅಂಟಿಸಿದರೆ ಗಂಟು ಒತ್ತಿ ಕಿತ್ತುಬರುತ್ತಿತ್ತು. ಸುತ್ತಲಿನ ಚರ್ಮ ಕೆಂಪಾಯಿತೆಂದು ಗಿರಿಜಾ ಪ್ರೀತಿಯಿಂದ ಕೊಬ್ಬರಿ ಎಣ್ಣೆ ಸವರಿದಳು. ಎಣ್ಣೆಯ ಮೇಲೆ ಅಂಟು ನಿಂತೀತೆ? ಚೀಲ ಜಾರಿ ಮೊಣಕಾಲಿಗೆ ಬಂತು. ಕೊನೆಗೆ ಅವಳೇ ಸಿಸ್ಟರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟಳು. ಆ ಕಡೆಯಿಂದ ನಗುವೋ ನಗು. "ಅಣ್ಣಾರೆ, ಅವತ್ತು ಉಸಿರು ಹಿಡಿದಿದ್ದ್ರಾ? ಹೋಗ್ಲಿ ಬಿಡ್ರಿ. ಎಣ್ಣೆಗಿಣ್ಣೆ ಬ್ಯಾಡ, ಬರೀ ನೀರಲ್ಲಿ ತೊಳೆದು ಒಣಗಿಸಿ, ಅಂಗೈ ಬಿಸಿ ತಾಗಂಗೆ ಒತ್ತಿ ಅಂಟಿಸ್ರಿ. ಚೀಲ ತುಂಬಾಕೆ ಬಿಡಬ್ಯಾಡ್ರಿ, ಮೊದಲೇ ಖಾಲಿ ಮಾಡ್ರಿ. ಪಂಚೆ ಮಾತ್ರ ಇನ್ನು ಅವತ್ತು ತೋರಿಸಿದ ಜಾಗದಾಗೇ ಕಟ್ಟಬೇಕು."

ಚೀಲ ನಿಂತಿತು, ಸದ್ದು ನಿಲ್ಲಲಿಲ್ಲ. ಆ ಬಾಯಿಗೆ ತಡೆದುಕೊಳ್ಳುವ ಶಕ್ತಿಯಿಲ್ಲ, ಗಾಳಿ ಬಂದಾಗ ಬಂತು. ಹೊತ್ತಿಲ್ಲ, ಗೊತ್ತಿಲ್ಲ. ಯಾವಾಗ ಉಣ್ಣಬೇಕು, ಯಾವಾಗ ಏಳಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸತೊಡಗಿದ್ದರಿಂದ ಗಿರಿಜಾ ಅದನ್ನು "ಯಜಮಾನ್ರು" ಎಂದು ಕರೆಯತೊಡಗಿದಳು. ಅದು ಅಲ್ಲಿಯವರೆಗೆ ನನ್ನ ಪದವಿಯಾಗಿತ್ತು. ಅವಳು ನಗುತ್ತಿದ್ದಳು, ನನಗೆ ಮಾತ್ರ ನಿಜಕ್ಕೂ ಅಳು ಬರುತ್ತಿತ್ತು. ನಾಲ್ಕು ಜನರ ನಡುವೆ ನಿಲ್ಲುವುದೇ ನನ್ನ ಬದುಕು. ಈಗ ಹಿತ್ತಲ ಬಾಗಿಲು ದಾಟಲೂ ಹೆದರಿಕೆ. ಇನ್ನು ನಾನು ಮನೆಯೊಳಗಿನ ಮನುಷ್ಯನೇ ಎಂದು ಮೈಕನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಅದನ್ನು ಇಳಿಸಿದವಳು ಚನ್ನಗಿರಿಯ ತಂಗಿಯ ಮಗಳು. ಲಗ್ನಪತ್ರಿಕೆ ಹಿಡಿದು ಬಂದು, "ಮಾವ, ನೀನು ಮೈಕ್ ಹಿಡಿದ್ರೆ ನನ್ ಮದುವಿ, ಇಲ್ಲಾಂದ್ರೆ ಇಲ್ಲ" ಎಂದು ಹಟ ಹಿಡಿದಳು. ನಾನು ಸಿಸ್ಟರಿಗೆ ಫೋನು ಮಾಡಿ, ಅವರು ಬೇಡವೆನ್ನಲಿ ಎಂದು ದೇವರಲ್ಲಿ ಬೇಡಿಕೊಂಡೆ. "ಹೋಗ್ರಿ! ಇನ್ನೊಂದು ಚೀಲ ಜೊತೆಗಿಟ್ಟುಕೊಳ್ರಿ. ಸದ್ದು ಬಂದ್ರೆ ಅಂಗೈಲಿ ಮೆಲ್ಲಗೆ ಒತ್ತಿ ಹಿಡೀರಿ" ಎಂದುಬಿಟ್ಟರು.

ಹೋದೆ. ಪಂಚೆ ಎದೆಯ ಹತ್ತಿರವಿತ್ತು. ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಮದುವೆ ಮಾಡಿಸುವ ಅಯ್ಯನವರು ಕೈ ಎತ್ತಿದೊಡನೆ ನಾನು ಮೈಕಿನಲ್ಲಿ "ಗಟ್ಟಿಮೇಳ" ಎನ್ನಬೇಕು, ಓಲಗದವರು ಬಾರಿಸಬೇಕು, ಹುಡುಗ ತಾಳಿ ಕಟ್ಟಬೇಕು. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು, ಛತ್ರವೆಲ್ಲ ನಿಶ್ಶಬ್ದ. ಮಾತಿಲ್ಲದಾಗ ಮೈಕನ್ನು ಹೊಟ್ಟೆಗೆ ಆನಿಸಿಕೊಂಡು ನಿಲ್ಲುವುದು ನನ್ನ ಹಳೆಯ ಅಭ್ಯಾಸ. ಯಜಮಾನರು ಅದೇ ಹೊತ್ತಿಗೆ ಬಾಯಿ ಬಿಟ್ಟರು. ನನ್ನ ಮೈಕ್‌ಸೆಟ್ ಎಷ್ಟು ಒಳ್ಳೆಯದೆಂದು ಅವತ್ತು ನನಗೇ ತಿಳಿಯಿತು. ಸದ್ದು ಊಟದ ಹಾಲಿನವರೆಗೂ ಹೋಯಿತು. ಜನ ತಲೆ ಎತ್ತಿದರು. ಇನ್ನೊಂದು ಬರುವ ಸೂಚನೆ ಅಂಗೈಗೆ ತಾಗಿತು. ದಿಕ್ಕು ತೋಚದೆ "ಗಟ್ಟಿಮೇಳ! ಗಟ್ಟಿಮೇಳ!" ಎಂದು ಅರಚಿದೆ.

ಓಲಗದವರು ಜೀವ ಬಿಟ್ಟು ಬಾರಿಸಿದರು. ಅಕ್ಷತೆ ಮಳೆಯಂತೆ ಬಿತ್ತು. ಗಾಬರಿಯಾದ ಹುಡುಗ ಕೈಯಲ್ಲಿದ್ದ ತಾಳಿಯನ್ನು ಕಟ್ಟಿಯೇಬಿಟ್ಟ. ಅಯ್ಯನವರು ಎತ್ತದ ಕೈಯನ್ನೇ ಒಮ್ಮೆ ನೋಡಿಕೊಂಡು, "ಇರ್ಲಿ, ಈಗಲೂ ಒಳ್ಳೆ ಗಳಿಗೇನೇ ಐತೆ" ಎಂದು ಆಶೀರ್ವಾದ ಮಾಡಿದರು. ನಾನು ಕಂಬದ ಹಿಂದೆ ಬೆವರುತ್ತಾ ನಿಂತೆ.

ಊಟಕ್ಕೆ ಮೂಲೆಯ ಎಲೆ ಹಿಡಿದೆ. ಜಗಳೂರಿನ ಕಡೆಯ ಹಿರಿಯರೊಬ್ಬರು, ಗಂಡಿನ ದೊಡ್ಡಪ್ಪನಂತೆ, ಬಂದು ಪಕ್ಕಕ್ಕೇ ಕೂತರು. "ಯಜಮಾನ್ರೆ" ಎಂದರು. ನಮ್ಮಿಬ್ಬರಲ್ಲಿ ಯಾರನ್ನು ಕರೆದರೋ ಎಂದು ಹೊಟ್ಟೆ ಮುಟ್ಟಿಕೊಂಡೆ. ಅವರು ಕಿವಿಯ ಹತ್ತಿರ ಬಾಗಿ, "ಮೊದಲು ಗಟ್ಟಿಮೇಳ ಊದಿದ್ದು ಯಾರು ಅಂತ ನಂಗೆ ಗೊತ್ತೈತ್ರಿ" ಎಂದರು. ಕೈಯಲ್ಲಿದ್ದ ಹೋಳಿಗೆ ಎಲೆಗೆ ಬಿತ್ತು. ಅವರು ಅಂಗಿ ಸ್ವಲ್ಪ ಸರಿಸಿ ತಮ್ಮ ಹೊಟ್ಟೆ ತಟ್ಟಿದರು. "ನಂದೂ ಐತೆ. ಮೂರು ತಾಲೂಕಿನ ಮದುವಿ ಊಟ ಉಂಡೈತೆ ಇದು. ನಿಮ್ದು ಹೊಸದು, ಹೆದರ್ತೈತೆ."

ಅಷ್ಟು ತಿಂಗಳಲ್ಲಿ ಮೊದಲ ಬಾರಿಗೆ ನನಗೆ ಹಗುರವೆನಿಸಿತು. ಕಣ್ಣಲ್ಲಿ ನೀರು ಬಂತು, ಉಪ್ಪಿನಕಾಯಿ ಖಾರವೆಂದು ಹೇಳಿದೆ. ಆಗ ಕಂಡದ್ದು ಅವರ ಪಂಚೆ. ಅದೂ ಎದೆಯ ಹತ್ತಿರವೇ ಇತ್ತು. "ನೀವೂ ಅವತ್ತು ಸಿಸ್ಟರ್ ಮುಂದೆ...?" ಎಂದೆ. ಮುದುಕರು ಆಚೀಚೆ ನೋಡಿ, "ಹ್ಞೂಂ ಕಣ್ರಿ, ಉಸಿರು ಹಿಡಿದಿದ್ದೆ" ಎಂದರು. ಬಡಿಸುವವರು ಗಾಬರಿಯಾಗುವಷ್ಟು ನಕ್ಕೆವು. ನಮ್ಮೊಂದಿಗೆ ಯಜಮಾನರೂ ದನಿಗೂಡಿಸಿದರು, ಯಾರೂ ಒತ್ತಿಹಿಡಿಯಲಿಲ್ಲ.

ಸುದ್ದಿ ಗಿರಿಜಾಳ ಮೂಲಕ ಸಿಸ್ಟರಿಗೆ ಮುಟ್ಟಿತು. ಹೊಸದಾಗಿ ಆಪರೇಷನ್ ಆಗುವವರ ಹತ್ತಿರ ಒಂದಿಷ್ಟು ಮಾತಾಡಿ ಎಂದು ಅವರು ಕರೆದರು. ಮಾತು ಎಂದರೆ ನಾನು ಬಿಟ್ಟೇನೆಯೆ? ಮೊನ್ನೆ ಹೋಗಿದ್ದೆ. ಬಸವಾಪಟ್ಟಣದ ಕಡೆಯ ದಪ್ಪನೆಯ ಮನುಷ್ಯ ಪಂಚೆ ಹಿಡಿದು ನಿಂತಿದ್ದ, ಸಿಸ್ಟರ್ ಪೆನ್ನು ಹಿಡಿದು ನಿಂತಿದ್ದರು. "ನೋಡಪ್ಪಾ, ನಾಚಿಕೆ ಪಡಬ್ಯಾಡ. ಉಸಿರು ಬಿಡು, ಹೊಟ್ಟೆ ಬಿಡು, ಇದ್ದದ್ದನ್ನ ಇದ್ದಂಗೇ ತೋರಿಸು" ಎಂದು ದೊಡ್ಡದಾಗಿ ಭಾಷಣ ಮಾಡಿದೆ. ಆತ ಪಾಪ, ಬಿಟ್ಟ. ಸಿಸ್ಟರಿಗೆ ಸಂತೋಷವಾಗಿ, ನಮ್ಮಿಬ್ಬರದೂ ಒಂದು ಫೋಟೋ ಇರಲಿ ಎಂದು ಮೊಬೈಲ್ ಎತ್ತಿದರು. ನಿನ್ನೆ ಆ ಫೋಟೋ ಬಂತು. ಗಿರಿಜಾ ನೋಡಿ ಬಿದ್ದು ಬಿದ್ದು ನಕ್ಕಳು. ಅದರಲ್ಲಿ ಆತ ಹೊಟ್ಟೆ ಬಿಟ್ಟುಕೊಂಡು ಆರಾಮಾಗಿ ನಿಂತಿದ್ದಾನೆ. ಪಕ್ಕದಲ್ಲಿ ನಾನು, ಮುಖ ಕೆಂಪಗಾಗಿ, ಉಸಿರು ಬಿಗಿಹಿಡಿದು ನಿಂತಿದ್ದೇನೆ.