ಕನ್ನಡಿಯ ಹಿಂದಿನ ತುದಿ

ಮೇಸ್ತ್ರಿಯಮ್ಮನಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಒಂದು ಕೊರಗು. ಗಂಡ ಕುಡಿಯುವವನಲ್ಲ, ಕೈ ಎತ್ತುವವನಲ್ಲ, ತಟ್ಟೆಗೆ ಹಾಕಿದ್ದನ್ನು ತಕರಾರಿಲ್ಲದೆ ತಿಂದು ಏಳುವವನು. (ಉಪ್ಪು ಹಾಕದ ದಿನವೂ ಹಾಗೇ ಏಳುತ್ತಿದ್ದ. ಆಮೇಲೆ ತಾನು ಊಟಕ್ಕೆ ಕೂತಾಗಲೇ ಅವಳಿಗೆ ವಿಷಯ ತಿಳಿಯುತ್ತಿತ್ತು.) ಇಷ್ಟೆಲ್ಲ ಇದ್ದೂ ಅವನು ಹಿಂದೆ ನಡೆಯುವ ಗಂಡಸು. ಮಾತಿಗೆ ಹೇಳಿದ್ದಲ್ಲ, ಅವನ ಕೆಲಸವೇ ಅದು.

ಗಂಡನೂ ಮೈದುನನೂ ಒಂದೇ ಗಾಜಿನಂಗಡಿಯಲ್ಲಿ ಗಾಜು ಹೊರುವವರು. ಕಿಟಕಿಯ ಗಾಜಾಗಲಿ, ಬೀರುವಿನದಾಗಲಿ, ನಿಲುವುಗನ್ನಡಿಯಾಗಲಿ, ಅಂಗಡಿಯಿಂದ ಗಿರಾಕಿಯ ಬಾಗಿಲಿಗೆ ಇಬ್ಬರೂ ನಡೆದೇ ಮುಟ್ಟಿಸಬೇಕು. ಗಾಜನ್ನು ಉದ್ದುದ್ದ ನಿಲ್ಲಿಸಿ, ಅಡಿಗೆ ರಬ್ಬರಿನ ಪಟ್ಟಿ ಕೊಟ್ಟು, ಒಬ್ಬ ಮುಂದಿನ ತುದಿ ಹಿಡಿಯುತ್ತಾನೆ, ಇನ್ನೊಬ್ಬ ಹಿಂದಿನದು. ಮುಂದಿನವನು ದಾರಿ ನೋಡಿ "ಮೆಟ್ಟಿಲು", "ಎಡಕ್ಕೆ", "ಗುಂಡಿ" ಎಂದು ಕೂಗುತ್ತಾನೆ. ಹಿಂದಿನವನು ಮುಂದಿನವನನ್ನು ನೋಡಿಕೊಂಡು ಬರುತ್ತಾನೆ. ಈ ಏರ್ಪಾಟಿನಲ್ಲಿ ತಮ್ಮ ಮುಂದೆ, ಅಣ್ಣ ಹಿಂದೆ. ಅಂದರೆ ಮೇಸ್ತ್ರಿಯಮ್ಮನ ಗಂಡ ಬೆಳಗಿನಿಂದ ಸಂಜೆಯವರೆಗೆ, ಬೀದಿಗೆ ಬೀದಿಯೇ ನೋಡುವ ಹಾಗೆ, ತನಗಿಂತ ಚಿಕ್ಕವನ ಬೆನ್ನು ನೋಡಿಕೊಂಡು ಊರು ಸುತ್ತುತ್ತಿದ್ದ.

ಮೇಸ್ತ್ರಿಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಯಾರ ಮನೆಯ ಗೋಡೆ ಏಳುತ್ತಿದ್ದರೂ, ಯಾರ ಬಾಗಿಲಿಗೆ ಬಣ್ಣ ಬೀಳುತ್ತಿದ್ದರೂ, ಸೊಂಟದ ಮೇಲೆ ಕೈಯಿಟ್ಟು ನಿಂತು ನಾಲ್ಕು ಮಾತು ಹೇಳದೆ ಅವಳು ಮುಂದೆ ಹೋದದ್ದಿಲ್ಲ. ನಲ್ಲಿ ರಿಪೇರಿಯವನಂತೂ ಅವಳು ದೂರದಲ್ಲಿ ಕಂಡರೆ ಸಾಕು, ಪಾನಾ ಕೆಳಗಿಟ್ಟು ಟೀ ತರಿಸುತ್ತಿದ್ದ, ಹೇಗೂ ಇನ್ನು ಕೆಲಸ ಸಾಗುವುದಿಲ್ಲ ಎಂದು. ಇಂಥವಳ ಗಂಡ ಹಿಂದೆ ನಡೆಯುವುದೆಂದರೆ ಅವಳು ಮುಖ ಎಲ್ಲಿಟ್ಟುಕೊಳ್ಳಬೇಕು?

ಹೇಗೋ ಸಹಿಸಿಕೊಂಡಿದ್ದಳು. ಆದರೆ ಒಂದು ದಿನ ಬಟ್ಟೆ ಒಣಹಾಕುತ್ತಿದ್ದಾಗ ವಾರಗಿತ್ತಿ ಗಂಡನ ಅಂಗಿ ಕೊಡವುತ್ತ, "ಅಕ್ಕ, ಇವರ ಅಂಗಿ ಬೆನ್ನಲ್ಲಿ ಹೊಲಿಗೆ ಬಿಟ್ಟಿದೆಯಂತೆ. ಭಾವ ಹೇಳಿದ್ರು. ಅವರಿಗಲ್ದೆ ಇನ್ಯಾರಿಗೆ ಕಾಣ್ಬೇಕು ಹೇಳಿ," ಎಂದು ನಕ್ಕಳು.

ಮೇಸ್ತ್ರಿಯಮ್ಮನ ನೆತ್ತಿಗೇರಿದ ಸಿಟ್ಟು ರಾತ್ರಿ ಊಟದ ಹೊತ್ತಿಗೂ ಇಳಿದಿರಲಿಲ್ಲ.

"ರೀ, ಇನ್ಮೇಲೆ ನೀವು ಮುಂದೆ ನಡೀಬೇಕು."

"ಎಲ್ಲಿಗೆ?" ಎಂದ ಗಂಡ.

"ಎಲ್ಲಿಗೂ ಅಲ್ಲ. ಗಾಜು ಹೊರೋವಾಗ. ನೀವು ಅಣ್ಣ ಅಲ್ವಾ?"

"ಹೌದು. ಆದ್ರೆ ಅವನು ಮುಂದೆ ಚೆನ್ನಾಗಿ ನಡೀತಾನೆ ಕಣೇ. ನಾನು ಹಿಂದೆ ಚೆನ್ನಾಗಿ ನಡೀತೀನಿ."

"ಹಿಂದೆ ನಡಿಯೋದ್ರಲ್ಲಿ ಚೆನ್ನ ಏನು ಬಂತು? ಬಾಲ ಕೂಡ ಹಿಂದೇನೇ ನಡಿಯುತ್ತೆ."

ಗಂಡ ತುತ್ತು ನುಂಗಿ ಯೋಚನೆ ಮಾಡಿದ. "ಬಾಲ ನಡಿಯಲ್ಲ. ಅಲ್ಲಾಡುತ್ತೆ," ಎಂದ.

"ನಡೀತೀರೋ ಇಲ್ವೋ?"

"ನೀನು ಹೇಳಿದ ಮೇಲೆ ಇನ್ನೇನು, ನಡೀತೀನಿ."

ಅವನ ಗುಣವೇ ಅಂಥದ್ದು. ನಾಯಕನಾಗು ಎಂದರೂ ಹಿಂಬಾಲಕನ ಹಾಗೆ ತಲೆಯಾಡಿಸಿ ಒಪ್ಪುವವನು.

ಮೈದುನ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. "ನಾಳೆ ಬೇಡ ಅತ್ತಿಗೆ. ನಾಳೆ ಬಟ್ಟೆ ಅಂಗಡಿ ಕನ್ನಡಿ ಇದೆ. ಅಷ್ಟು ದೊಡ್ಡದು ನಾವು ಇದುವರೆಗೂ ಹೊತ್ತಿಲ್ಲ. ಒಡೆದ್ರೆ ಇಬ್ರೂ ಈ ಕಡೆ ತಲೆ ಹಾಕ್ಬೇಡಿ ಅಂತ ಯಜಮಾನರು ಹೇಳಿಬಿಟ್ಟಿದ್ದಾರೆ."

ಎರಡು ಸಂಸಾರ, ಒಂದೇ ಒಲೆ. ಆ ಒಲೆ ಉರಿಯುತ್ತಿದ್ದದ್ದು ಅದೊಂದೇ ಅಂಗಡಿಯಿಂದ. ಬುದ್ಧಿ ಇದ್ದವಳಾದರೆ ಅಲ್ಲಿಗೇ ಬಿಡಬೇಕಿತ್ತು.

"ಕನ್ನಡಿ ದೊಡ್ಡದಾದ್ರೆ ದೊಡ್ಡವರೇ ಮುಂದಿರ್ಬೇಕು," ಎಂದಳು ಮೇಸ್ತ್ರಿಯಮ್ಮ.

"ದಾರಿ ಕೂಗೋರು ಯಾರು?"

"ಮುಂದಿರೋರು. ಹಿಂದಿರೋರಿಗೆ ಬಾಯಿ ಬೇಡ."

ಮೈದುನ ಹೆಂಡತಿಯ ಮುಖ ನೋಡಿದ. "ಆಯ್ತು ಅತ್ತಿಗೆ. ಬಾಯಿ ಬೇಡ," ಎಂದ.

ಮರುದಿನ ಮೇಸ್ತ್ರಿಯಮ್ಮ ಬೇಗ ಬೇಗ ಕೆಲಸ ಮುಗಿಸಿ, ಗಂಡನ ಪಟ್ಟಾಭಿಷೇಕವನ್ನು ಕಣ್ತುಂಬ ನೋಡಲೆಂದು, ವಾರಗಿತ್ತಿಯನ್ನೂ ಕೈಹಿಡಿದು ಎಳೆದುಕೊಂಡು ಗಾಜಿನಂಗಡಿಗೆ ಹೋದಳು. ಕನ್ನಡಿ ಬಾಗಿಲಲ್ಲಿ ನಿಂತಿತ್ತು. ಆಳೆತ್ತರ, ಮಂಚಕ್ಕಿಂತ ಉದ್ದ, ಅಂಚಿಗೆಲ್ಲ ಗೋಣಿ ಸುತ್ತಿತ್ತು. ಎದುರು ಸಾಲಿನ ಅಂಗಡಿಗಳೆಲ್ಲ ಅದರೊಳಗೆ ಕಾಣುತ್ತಿದ್ದವು.

ಅಣ್ಣ ಮುಂದಿನ ತುದಿಗೆ ಹೋಗಿ ನಿಂತದ್ದನ್ನು ಕಂಡು ಅಂಗಡಿಯ ಯಜಮಾನ, "ಇದೇನಯ್ಯಾ, ಇವತ್ತು ತಿರುಗಾಮುರುಗಾ?" ಎಂದ.

"ಮನೇಲಿ ಹೇಳಿದಾರೆ," ಎಂದ ಗಂಡ.

ಗಾಜು ಕೊಯ್ಯುತ್ತಿದ್ದವರೆಲ್ಲ ಕಿಸಕ್ಕನೆ ನಕ್ಕರು. ಮೇಸ್ತ್ರಿಯಮ್ಮನ ಕಿವಿ ಬಿಸಿಯಾಯಿತು. ಅದು ಆ ದಿನದ ಮೊದಲ ಬಿಸಿ.

ಇಬ್ಬರೂ ಕನ್ನಡಿ ಎತ್ತಿದರು. ಎತ್ತಿ ನಿಂತರು. ನಿಂತೇ ಇದ್ದರು.

"ನಡೀರಿ," ಎಂದು ಪಿಸುಗುಟ್ಟಿದಳು.

ಗಂಡ ಎದುರಿಗೆ ನೋಡಿದ. ಬೀದಿ ಇತ್ತು, ತಳ್ಳುಗಾಡಿ ಇತ್ತು, ಸೈಕಲ್ಲಿತ್ತು, ಬಿಸಿಲಿತ್ತು. ಒಂದು ಬೆನ್ನು ಮಾತ್ರ ಇರಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಅವನ ಕಾಲು ಎದ್ದದ್ದು ಮುಂದಿನ ಬೆನ್ನು ಅಲ್ಲಾಡಿದ ಮೇಲೆ. ಬೆನ್ನಿಲ್ಲದ ಬೀದಿಗೆ ಕಾಲಿಡುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಜನ ನೋಡುತ್ತಿದ್ದರು. ನಾಚಿಕೆಯಿಂದ ಮೇಸ್ತ್ರಿಯಮ್ಮ ತಾನೇ ಅವನ ಮುಂದೆ ಬಂದು, "ಹೀಗೆ ರೀ, ಹೀಗೆ," ಎಂದು ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಕನ್ನಡಿ ಹೊರಟಿತು.

ಹೊರಟಿತಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ. ತಲೆಯೆತ್ತಿ ಬಜಾರಿನ ನಡುವೆ ನಡೆದಳು. ಪಟ್ಟದರಸಿಯರು ಹಿಂತಿರುಗಿ ನೋಡುವುದಿಲ್ಲವಾದ್ದರಿಂದ ಅವಳೂ ನೋಡಲಿಲ್ಲ. ಚಪ್ಪಲಿ ಹೊಲಿಯುವವನು ಎದ್ದು ನಿಂತ. ಮರ್ಯಾದೆ ಎಂದುಕೊಂಡಳು. ತಳ್ಳುಗಾಡಿಗೆ ದಾರಿ ಬಿಡಲು ಎಡಕ್ಕೆ ಸರಿದಳು, ಹಿಂದಿನಿಂದ ಯಾರೋ ಕುಲುಕುಲು ನಕ್ಕರು. ಕಾಲಿಗೆ ಕಲ್ಲು ಸಿಕ್ಕಿತೆಂದು ನಿಂತು ಚಪ್ಪಲಿ ಕೊಡವಿದಳು. ನಗು ಜೋರಾಯಿತು. ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಹೊರಗೆ ಬಂದರು.

"ಎಲ್ಲಿಗೆ ಮೇಸ್ತ್ರಿಯಮ್ಮ, ಮೆರವಣಿಗೆ?" ಎಂದು ಕ್ಷೌರದವನು ಕೇಳಿದ.

ಆಗ ತಿರುಗಿ ನೋಡಿದಳು. ಗಂಡನ ಎರಡೂ ಕಣ್ಣು ಅವಳ ಬೆನ್ನಿಗೆ ಮೊಳೆ ಹೊಡೆದ ಹಾಗೆ ನೆಟ್ಟಿದ್ದವು. ಅವಳು ಎತ್ತಿದ ಕಾಲನ್ನೇ ಅವನೂ ಎತ್ತಿ ನಿಂತಿದ್ದ.

"ರೀ, ನನ್ನ ಹಿಂದೆ ಯಾಕ್ರೀ ಬರ್ತಿದೀರಿ?"

"ನೀನು ಮುಂದೆ ಇದೀಯಲ್ಲ."

"ನೀವು ಮುಂದೆ ಹೋಗ್ಬೇಕು."

"ಮುಂದೇನೇ ಹೋಗ್ತಿದೀನಲ್ಲ ಕಣೇ, ನಿನ್ನ ಹಿಂದೆ."

ಅವಳು ಬಲಕ್ಕೆ ಜಿಗಿದಳು. ಕನ್ನಡಿಯೂ ಬಲಕ್ಕೆ ಬಂತು, ಸೈಕಲ್ಲಿನವನೊಬ್ಬ ಸೈಕಲ್ಲನ್ನು ಅದರ ಪಾಡಿಗೆ ಬಿಟ್ಟು ಚರಂಡಿಗೆ ಹಾರಿದ. "ನೀನಾದ್ರೂ ಹೇಳ್ಬಾರ್ದೇನಯ್ಯಾ," ಎಂದು ಮೈದುನನ ಮೇಲೆ ಹರಿಹಾಯ್ದಳು. ಅವನು ತುಟಿಯನ್ನು ಭರಣಿಯ ಮುಚ್ಚಳದ ಹಾಗೆ ಬಿಗಿದುಕೊಂಡು ಆಕಾಶ ನೋಡಿದ.

"ಬಾಯಿ ಬೇಡ ಅಂದಿದ್ರಲ್ಲ ಅಕ್ಕ," ಎಂದಳು ಹಿಂದಿನಿಂದ ವಾರಗಿತ್ತಿ.

ಬಜಾರಿಗೆ ಬಜಾರೇ ಹೊಟ್ಟೆ ಹಿಡಿದುಕೊಂಡಿತು. ಮೇಸ್ತ್ರಿಯಮ್ಮನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ಬಿಡಲಿಲ್ಲ. ಮಾನ ಹೋದವರು ಎಲ್ಲಿಗೆ ಹೋಗುತ್ತಾರೋ ಅವಳೂ ಅಲ್ಲಿಗೇ ಹೊರಟಳು, ಮನೆಗೆ. ಬಟ್ಟೆ ಅಂಗಡಿ ನೆಟ್ಟಗೆ ಮುಂದಿತ್ತು, ಅವಳು ತಮ್ಮ ಗಲ್ಲಿಗೆ ತಿರುಗಿಬಿಟ್ಟಳು. ಬೇಗ ನಡೆದಳು. ಹಿಂದೆಯೂ ಬೇಗ ನಡೆಯುವ ಸದ್ದು. ಓಡಿದಳು. ಹಿಂದೆಯೂ ಟಪಟಪ. ಹೊಸ್ತಿಲು ದಾಟಿ, ಉದ್ದನೆಯ ಹಜಾರ ದಾಟಿ, ಅಡುಗೆಮನೆಗೆ ನುಗ್ಗಿ, ಒಲೆಯ ಪಕ್ಕದ ಮೂಲೆ ಸೇರಿದಳು. ಅದಕ್ಕಿಂತ ಮುಂದೆ ಹೋಗಲು ಮನೆ ಇರಲಿಲ್ಲ.

ಅಡುಗೆಮನೆಯ ಬಾಗಿಲಿನಿಂದ ಗೋಣಿ ಸುತ್ತಿದ ತುದಿ ನಿಧಾನವಾಗಿ ಒಳಗೆ ಬಂತು. ಅದರ ಜೊತೆಗೆ ಗಂಡ. ಹಿಂದಿನ ತುದಿ ಇನ್ನೂ ಹಜಾರದಲ್ಲೇ ಇತ್ತು.

"ಇಲ್ಲಿಡ್ಲಾ?" ಎಂದ, ಏದುಸಿರು ಬಿಡುತ್ತ.

ಮೇಸ್ತ್ರಿಯಮ್ಮ ಬೆರಳೆತ್ತಿ ಬೈಯಲು ಶುರುಮಾಡಿದಳು. ಎದುರಿಗೆ ಕನ್ನಡಿಯಲ್ಲಿ ಒಬ್ಬಳು ಬೆರಳೆತ್ತಿ ನಿಂತಿದ್ದಳು. ಕೂದಲು ಕೆದರಿದೆ, ಕತ್ತಿನ ನರ ಉಬ್ಬಿದೆ, ಮೂಗಿನ ಹೊಳ್ಳೆ ಅರಳಿದೆ. ಇವಳು ಯಾರಪ್ಪ ಎಂದು ಒಂದು ಕ್ಷಣ ಗಾಬರಿಯಾಯಿತು. ಬೀದಿಯವರು ಎಷ್ಟೋ ವರ್ಷದಿಂದ ನೋಡುತ್ತಿದ್ದದ್ದನ್ನು ಅವಳು ಅಂದೇ ಮೊದಲು ನೋಡಿದಳು. ಬೆರಳು ತಾನಾಗಿ ಕೆಳಗಿಳಿಯಿತು.

"ತಿರುಗಿಸ್ಕೊಂಡು ಹೋಗಿ," ಎಂದಳು, ಸ್ವರವೇ ಇಲ್ಲದ ಹಾಗೆ.

ತಿರುಗಿಸಲು ಜಾಗವೆಲ್ಲಿ? ಮುಂದೆ ಒಲೆ, ಪಕ್ಕದಲ್ಲಿ ಗೋಡೆ. ಗಂಡ ಹಜಾರದ ಕಡೆ ಮುಖ ಮಾಡಿ, "ಲೋ, ಬಾಗಿಲು ನಿನ್ನ ಕಡೆ ಇದೆ. ನೀನು ಆ ಕಡೆ ತಿರುಗ್ಕೊಂಡು ನಡಿ," ಎಂದ. ಮೈದುನ ತಿರುಗಿ ನಿಂತ. ಅಷ್ಟೇ. ಹಿಂದಿದ್ದವನು ಮುಂದಾದ, ಮುಂದಿದ್ದವನು ಹಿಂದಾದ. ಮೇಸ್ತ್ರಿಯಮ್ಮ ಅಷ್ಟು ಗಲಾಟೆ ಮಾಡಿ ಕಟ್ಟಿದ ಸಾಮ್ರಾಜ್ಯ ಉಸಿರು ಬಿಟ್ಟಷ್ಟು ಸುಲಭವಾಗಿ ಉರುಳಿತು.

"ಹೊಸ್ತಿಲು," ಎಂದ ಮೈದುನ, ಬಾಯಿ ಸಿಕ್ಕಿದ ಖುಷಿಯಲ್ಲಿ.

ಆಗ ಮೇಸ್ತ್ರಿಯಮ್ಮ ಒಂದು ನೋಟ ಕಂಡಳು. ತಮ್ಮ "ಎಡಕ್ಕೆ" ಎನ್ನುವ ಮೊದಲೇ ಗಂಡನ ಎಡಗಾಲು ಸರಿದಾಗಿತ್ತು. ಬಾಗಿಲ ಚೌಕಟ್ಟಿಗೂ ಕನ್ನಡಿಗೂ ನಡುವೆ ಒಂದು ಬೆರಳಿನ ಜಾಗ, ಆ ಜಾಗದಲ್ಲಿ ಅವನ ಕೈ ಇತ್ತು. ಚೌಕಟ್ಟು ತಾಗಿದ್ದು ಗಾಜಿಗಲ್ಲ, ಅವನ ಗೆಣ್ಣಿಗೆ. ಚರ್ಮ ಕಿತ್ತು ಬಂದರೂ ಮುಖ ಅಲ್ಲಾಡಲಿಲ್ಲ. ತಮ್ಮ ಮುಗ್ಗರಿಸಿದರೆ ಭಾರವೆಲ್ಲ ಇವನ ತೋಳಿಗೆ ಬರುತ್ತಿತ್ತು, ತಮ್ಮ ಸರಿಯಾದರೆ ಸದ್ದಿಲ್ಲದೆ ವಾಪಸ್ಸು ಹೋಗುತ್ತಿತ್ತು. ಇಷ್ಟು ದಿನ ಆ ಮನೆಗೆ ಅನ್ನ ಬಂದದ್ದು ಈ ಹಿಂದಿನ ತುದಿಯಿಂದ ಎಂದು ಅವಳಿಗೆ ಹೊಳೆಯಿತು. ಬಜಾರಿನಲ್ಲಿ ಆದ ನಾಚಿಕೆ ಮುಖಕ್ಕೆ ಮಾತ್ರ ಬಂದಿತ್ತು. ಇದು ಒಳಗೆಲ್ಲ ಇಳಿಯಿತು.

"ಕೇಳ್ತಾ?" ಎಂದ ಗಂಡ. "ಈ ಮೂಲೆ ಗೋಣಿ ಬಿಚ್ಚಿಹೋಗಿದೆ. ಬಟ್ಟೆ ಹಿಡ್ಕೊಂಡು ಅಡಿಗೆ ಕೈ ಕೊಟ್ಕೊಂಡು ನನ್ನ ಹಿಂದೆ ಬಾ."

ಮದುವೆಯಾದ ಮೇಲೆ ಅವನು ಅವಳಿಗೆ ಕೊಟ್ಟ ಮೊದಲನೆಯ ಅಪ್ಪಣೆ ಅದು. ಅವಳು ಪಾತ್ರೆ ಇಳಿಸುವ ಬಟ್ಟೆ ತೆಗೆದುಕೊಂಡು ಹೊರಟಳು.

ಹಿಂದೆ ನಡೆಯುವುದರಲ್ಲಿ ಏನಿದೆ ಎಂದು ಕೇಳಿದವಳಿಗೆ ಗಲ್ಲಿ ಮುಗಿಯುವುದರೊಳಗೆ ಉತ್ತರ ಸಿಕ್ಕಿತು. ಗಂಡನ ಹಿಮ್ಮಡಿ ತುಳಿದಳು, ಅವನ ಚಪ್ಪಲಿ ಅಲ್ಲೇ ಉಳಿಯಿತು. ಅವನು ಬರಿಗಾಲಲ್ಲೇ ನಡೆದ. ತಿರುವಿನಲ್ಲಿ ಮೈದುನ "ಬಲಕ್ಕೆ" ಎಂದ. ಇವಳ ಹಾಳು ಬಾಯಿ ಸುಮ್ಮನಿರಬೇಕಲ್ಲ, "ಎಡಕ್ಕೆ, ಎಡಕ್ಕೆ, ಅಲ್ಲಿ ಕಂಬ ಇದೆ," ಎಂದುಬಿಟ್ಟಿತು.

ಗಂಡನ ಕಾಲು ಎರಡು ಮಾತಿನ ನಡುವೆ ಅರೆಗಳಿಗೆ ತಡೆಯಿತು. ಕನ್ನಡಿ 'ಕಿರ್' ಎಂದಿತು.

ವಾರಗಿತ್ತಿ ಕೂಡ ನಗಲಿಲ್ಲ. ಗಂಡ ಕೆನ್ನೆಯನ್ನು ಗಾಜಿಗೆ ತಾಗಿಸಿ ಆಲಿಸಿದ. ಆಮೇಲೆ ಅಂಗೈಯಿಂದ ಸವರಿ ನೋಡಿದ.

"ಏನಿಲ್ಲ. ಒಡೆದಿಲ್ಲ," ಎಂದ. ಬೈಯಲಿಲ್ಲ. "ಒಂದೇ ಬಾಯಿ ಸಾಕು ಕಣೇ," ಎಂದಷ್ಟೇ ಹೇಳಿದ.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಲ್ಲಿಂದ ಮುಂದಕ್ಕೆ ಬಾಯಿಗೆ ಬೀಗ ಹಾಕಿ, ಗಂಡನ ಬೆನ್ನನ್ನೇ ನೋಡುತ್ತ ನಡೆದಳು. ಅದೇ ಬಜಾರು, ಅದೇ ಚಪ್ಪಲಿಯವನು, ಅದೇ ಟೀ ಲೋಟಗಳು.

"ಈಗೆಲ್ಲಿಗೆ ಮೇಸ್ತ್ರಿಯಮ್ಮ?" ಎಂದ ಕ್ಷೌರದವನು.

"ಮುಂದಿರೋರನ್ನ ಕೇಳಪ್ಪಾ," ಎಂದಳು, ತಲೆಯೆತ್ತದೆ.

ಕನ್ನಡಿ ಇಡಿಯಾಗಿ ಬಟ್ಟೆ ಅಂಗಡಿ ಸೇರಿತು. ಗೋಡೆಗೆ ಒರಗಿಸಿ ಗೋಣಿ ಬಿಚ್ಚಿದಾಗ ಅಂಗಡಿ ಒಂದಕ್ಕೆರಡಾಯಿತು. ಬಟ್ಟೆ ಅಂಗಡಿಯವನು ಅಂಚಿಗೆಲ್ಲ ಕೈಯಾಡಿಸಿ, ಮೆಚ್ಚಿ, ಆಮೇಲೆ ಮಸಿಬಟ್ಟೆ ಹಿಡಿದು ನಿಂತವಳನ್ನು ನೋಡಿದ.

"ಹೊರೋರು ಇಬ್ರು ಅಂದಿದ್ರು. ಇವರ್ಯಾರು?"

ಗಂಡ ಬೆವರು ಒರೆಸಿಕೊಳ್ಳುತ್ತ, ಹೊಸ ಆಳನ್ನು ಅಳೆಯುವ ಹಾಗೆ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ. "ನಮ್ಮನೆಯವಳು. ಹಿಂದೆ ಬರೋದು ಕಲೀತಿದಾಳೆ. ಕೈ ಪರವಾಗಿಲ್ಲ, ಹೆಜ್ಜೆ ಇನ್ನೂ ಬರ್ಬೇಕು," ಎಂದ. ಅವನು ತಮಾಷೆಗೆ ಹೇಳಿದ್ದಲ್ಲ, ಕೆಲಸದ ಮಾತು ಹೇಳಿದ್ದ.

"ಬರುತ್ತೆ ಬಿಡಿ ಭಾವ," ಎಂದಳು ವಾರಗಿತ್ತಿ. "ನಾಳೆ ಬೆಳಿಗ್ಗೆ ನೀರಿಗೆ ನಾನು ಮುಂದೆ ಹೋಗ್ತೀನಿ. ಅಕ್ಕ ಕೊಡ ಹಿಡ್ಕೊಂಡು ನನ್ನ ಹಿಂದೆ ಬರ್ಲಿ. ದಿನಾ ಹೀಗೆ ಅಭ್ಯಾಸ ಆದ್ರೆ ಹೆಜ್ಜೆ ತಾನಾಗೇ ಕೂಡುತ್ತೆ."

ಮೇಸ್ತ್ರಿಯಮ್ಮ ಬಾಯಿ ತೆರೆದಳು. ಮೈದುನ ಎರಡು ಹೆಜ್ಜೆ ಹಿಂದೆ ಸರಿದ. ಗಂಡ ಕನ್ನಡಿಗೆ ಅಡ್ಡ ನಿಂತ.

"ಎಷ್ಟು ಹೊತ್ತಿಗೆ ಬರ್ಲಿ?" ಎಂದು ಕೇಳಿದಳು.