ಗೇರ್ ಹಾಕಿದ ಕಾಫಿ

ರಮಾಮಣಿ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ದಟ್ಟಗಳ್ಳಿಯ ತಂಗಿಯ ಮನೆಗೆ ಹೊರಟಾಗ ಅವಳ ಹೆಗಲಲ್ಲಿ ಒಂದು ಬಟ್ಟೆಯ ಚೀಲ ಭಾರವಾಗಿ ಜೋತಾಡುತ್ತಿತ್ತು. ಅದರಲ್ಲೇನಿದೆ ಎಂದು ಗಂಡ ವಾಗೀಶ ಕೇಳಲಿಲ್ಲ. ಕೇಳಿದ್ದರೆ ಆ ದಿನ ಅವನ ಗದ್ದ ಊದಿಕೊಳ್ಳುತ್ತಿರಲಿಲ್ಲ.

"ಸಂಜೆ ಐದಕ್ಕೆ ಬಂದ್ಬಿಡ್ತೀನಿ ಕಣ್ರೀ. ಹಾಲು ಕಾಯಿಸಿಟ್ಟಿರಿ, ಉಕ್ಕಿಸ್ಬೇಡಿ. ಬಂದ ತಕ್ಷಣ ನಾನೇ ಕಾಫಿ ಮಾಡ್ತೀನಿ," ಎಂದು ಹೇಳಿ ಅವಳು ಹೋದಳು.

ವಾಗೀಶ ಮೂವತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಮದುವೆಯ ಕರೆಯೋಲೆಯಲ್ಲಿ ಒಂದು ಕೊಂಬು ತಪ್ಪಿದ್ದರೂ ಬೀಗರನ್ನು ಊಟದ ಪಂಕ್ತಿಯಲ್ಲೇ ಹಿಡಿದು ತೋರಿಸುವವನು. ನಿವೃತ್ತನಾದ ಮೇಲೆ ತಿದ್ದಲು ಏನೂ ಸಿಗದೆ ಹವ್ಯಾಸಗಳಿಗೆ ಬಿದ್ದಿದ್ದ. ಕುಂಡದಲ್ಲಿ ಬೆಳೆಸಲು ಹೊರಟ ಆಲದ ಮರ ಒಣಗಿ ಕಡ್ಡಿಯಾಯಿತು. ಕೊಳಲು ಕಲಿಯಲು ಹೋದಾಗ ಎದುರುಮನೆಯ ನಾಯಿ ಊಟ ಬಿಟ್ಟಿತು. ಈಗ ಒಂದು ತಿಂಗಳಿಂದ ಅವನ ಕನಸಿನಲ್ಲಿ ಬರುತ್ತಿದ್ದುದು ಅಗ್ರಹಾರದ ಹಿಂದಿನ ಗಲ್ಲಿಯಲ್ಲಿ ಚಂದ್ರುವಿನ ಹಳೇ ಸಾಮಾನಿನ ಅಂಗಡಿಯಲ್ಲಿದ್ದ ಒಂದು ಕಾಫಿ ಯಂತ್ರ.

ಅದು ಇಟಲಿಯದು, ಅರವತ್ತು ವರ್ಷದಷ್ಟು ಹಳೆಯದು. ತಾಮ್ರದ ಹೊಟ್ಟೆ, ಮುಂದೆ ಒಂದು ಉದ್ದನೆಯ ಲಿವರ್. ಗುಂಡಿ ಒತ್ತಿದರೆ ಕಾಫಿ ಸುರಿಯುವ ಈಗಿನ ಯಂತ್ರದಂತಲ್ಲ. ಲಿವರನ್ನು ಕೈಯಿಂದ ಕೆಳಗೆಳೆದರೆ ಒಳಗಿನ ಸ್ಪ್ರಿಂಗ್ ಮುದುಡಿಕೊಳ್ಳುತ್ತದೆ. ಬಿಟ್ಟರೆ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಬಿಸಿನೀರನ್ನು ಕಾಫಿಪುಡಿಯ ಮೂಲಕ ಒತ್ತಿ ಇಳಿಸುತ್ತದೆ. ಕೈ ಹದವಾಗಿದ್ದರೆ ಅಮೃತ ಎಂದು ಮೊಬೈಲಿನಲ್ಲಿ ಗಡ್ಡದ ಹುಡುಗನೊಬ್ಬ ಹೇಳಿದ್ದನ್ನು ವಾಗೀಶ ಹನ್ನೊಂದು ಸಲ ನೋಡಿದ್ದ.

"ನನಗೆ ದುಡ್ಡು ಬೇಡ ಸಾರ್," ಎಂದಿದ್ದ ಚಂದ್ರು. "ಯಾವುದೋ ರೆಸಾರ್ಟ್‌ನೋರು ಹಳೇ ಹಿತ್ತಾಳೆ ಕೇಳ್ತಾವ್ರೆ. ಒಂದು ದೊಡ್ಡ ಹಿತ್ತಾಳೆ ಕಾಫಿ ಫಿಲ್ಟರ್ ಕೊಟ್ಬುಡಿ, ಇದನ್ನ ಎತ್ಕೊಂಡೋಗಿ."

ಮನೆಯಲ್ಲಿ ದೊಡ್ಡ ಹಿತ್ತಾಳೆ ಫಿಲ್ಟರ್ ಇತ್ತು. ಅದು ರಮಾಮಣಿಯ ಅಜ್ಜಿ ಚೂಡಾಮಣಿಯವರದು. ಅಡಿಯಲ್ಲಿ ಅಜ್ಜಿಯ ಹೆಸರು ಕೊರೆಸಿತ್ತು. ಕೆಲಸದವಳಿಗಿರಲಿ, ಕಟ್ಟಿಕೊಂಡ ಗಂಡನಿಗೂ ರಮಾಮಣಿ ಅದನ್ನು ತೊಳೆಯಲು ಕೊಟ್ಟವಳಲ್ಲ.

ಇಂದು ಅವಳ ಬಸ್ಸು ತಿರುವು ದಾಟಿದ್ದೇ ವಾಗೀಶ ಅಡುಗೆಮನೆಗೆ ಹೋದ. ಭಾನುವಾರ ಮನೆಯಲ್ಲಿ ಪಾರಾಯಣಕ್ಕೆ ಮೂವತ್ತು ಹೆಂಗಸರು ಬಂದಿದ್ದರು. ಅಂದು ತೊಳೆದ ಪಾತ್ರೆಗಳು ಇನ್ನೂ ಮೂಲೆಯ ಬುಟ್ಟಿಯಲ್ಲೇ ಇದ್ದವು. ಎಲ್ಲಕ್ಕಿಂತ ಮೇಲೆ ಫಿಲ್ಟರ್ ಬೋರಲಾಗಿ ಹೊಳೆಯುತ್ತಿತ್ತು. ಅಡಿಯ ಅಕ್ಷರಗಳು ನೇರವಾಗಿ ಅವನನ್ನೇ ನೋಡುತ್ತಿದ್ದವು. ಅಜ್ಜಿಯ ಹೆಸರು ಓದಿಬಿಟ್ಟರೆ ಧೈರ್ಯ ಉಡುಗುತ್ತದೆಂದು ಅವನು ಮುಖ ತಿರುಗಿಸಿಕೊಂಡೇ ಅದನ್ನು ಟವೆಲಿನಲ್ಲಿ ಸುತ್ತಿದ. ಜೀವಮಾನದಲ್ಲಿ ಅವನು ಓದದೆ ಬಿಟ್ಟ ಅಕ್ಷರಗಳು ಅವೇ ಇರಬೇಕು.

ಅವನ ಲೆಕ್ಕಾಚಾರ ಸರಳವಾಗಿತ್ತು. ಐದು ಗಂಟೆಗೆ ರಮಾಮಣಿಯ ಕೈಗೆ ಅಂಥ ಒಂದು ಲೋಟ ಕಾಫಿ ಕೊಡುವುದು, ಕುಡಿದವಳು ಫಿಲ್ಟರನ್ನೇ ಮರೆಯಬೇಕು. ಕಾಫಿ ಕೆಟ್ಟರೆ ಮಾತ್ರ ಏನಾಗುತ್ತದೆಂದು ಅವನು ಯೋಚಿಸಲಿಲ್ಲ, ಧೈರ್ಯವಿರಲಿಲ್ಲ.

ಫಿಲ್ಟರ್ ಚಂದ್ರುವಿನ ಅಂಗಡಿ ಸೇರಿತು, ಹತ್ತೂವರೆಗೆ ಯಂತ್ರ ವಿದ್ಯಾರಣ್ಯಪುರಂನ ಆ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತು. ವಾಗೀಶ ನೀರು ತುಂಬಿ, ಬಿಸಿಯಾಗಲು ಬಿಟ್ಟು, ಕೈ ಅಭ್ಯಾಸವಾಗಲೆಂದು ಪುಡಿ ಹಾಕದೆಯೇ ಲಿವರನ್ನು ಕೆಳಗೆಳೆದು ಬಿಟ್ಟ. ಅದು ಕಟ್ಟು ಬಿಚ್ಚಿದ ಕರುವಿನ ಹಾಗೆ ನೆಗೆದು ಅವನ ಗದ್ದಕ್ಕೆ ಗುದ್ದಿತು. ಅವನು ಅಕ್ಕಿ ಡಬ್ಬದ ಮೇಲೆ ಕೂತ. ಡಬ್ಬ ಮಗುಚಿತು.

ಸದ್ದಿಗೆ ಪಕ್ಕದ ಮನೆಯ ಪುಟ್ಟಬಸಮ್ಮ ಬಂದರು. ಎಪ್ಪತ್ತೆರಡು ವರ್ಷ, ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಎಲೆ ಅಡಿಕೆಯ ಚೀಲ.

"ಏನ್ ವಾಗೀಶಪ್ಪ, ಮನೆಯೊಳಗೆ ರೈಲು ಇಟ್ಕೊಂಡಿದ್ದೀರಾ? ರಮಾಮಣಿ ಇಲ್ವಾ? ಒಂದು ಸಾಮಾನು ಇಸ್ಕೊಂಡೋಗೋಣ ಅಂತ ಬಂದೆ. ಇರ್ಲಿ ಬುಡಿ, ಅವಳು ಬಂದ ಮೇಲೇ ಇಸ್ಕೋತೀನಿ. ಮೊದಲು ಏಳಿ, ಎಂಗೆ ಬಿದ್ರಿ?"

ಅವರು ಅವನನ್ನು ಎತ್ತಿ ಕೂರಿಸಿ, ಗದ್ದಕ್ಕೆ ಅರಿಶಿನ ಹಚ್ಚಿ, ಚೆಲ್ಲಿದ ಅಕ್ಕಿಯನ್ನೂ ಬಾಚಿ ತುಂಬಿದರು. ಅಷ್ಟು ಕರುಣೆ ತೋರಿಸಿದವರಿಗೆ ಸುಳ್ಳು ಹೇಳಲಾಗದೆ ವಾಗೀಶ ಫಿಲ್ಟರಿನ ಕತೆಯನ್ನೆಲ್ಲ ಒಪ್ಪಿಸಿಬಿಟ್ಟ.

ಪುಟ್ಟಬಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಷ್ಟೇನಾ? ಒಂದು ಹಿತ್ತಾಳೆ ಡಬ್ಬಕ್ಕೆ ಯಾರಾದ್ರೂ ಇಷ್ಟು ಹೆದರ್ತಾರಾ? ಹಳೇ ಪಾತ್ರೆ ಮೇಲೆ ಅಷ್ಟು ಮೋಹ ಇರಬಾರ್ದು ಕಣಪ್ಪ. ನಾನು ಹೇಳ್ತೀನಿ ಬುಡಿ ರಮಾಮಣಿಗೆ."

ಆದರೂ ಫಿಲ್ಟರ್ ವಾಪಸ್ ಸಿಗುತ್ತದೆಯೇ ಎಂದು ಒಮ್ಮೆ ಚಂದ್ರುವನ್ನು ಕೇಳಿ ನೋಡೋಣವೆಂದು ವಾಗೀಶ ಫೋನ್ ಮಾಡಿ, ಸ್ಪೀಕರಿಗೆ ಹಾಕಿದ.

"ಅಯ್ಯೋ ಸಾರ್, ರೆಸಾರ್ಟ್‌ನೋರು ಆಗ್ಲೇ ಬಂದು ತಗೊಂಡೋದ್ರಲ್ಲ. ಅದನ್ನ ತಲೆಕೆಳಗು ನೇತಾಕಿ ಒಳಗೊಂದು ಬಲ್ಬ್ ಹಾಕ್ತಾರಂತೆ. ತೂತು ಹೆಂಗೂ ರೆಡಿ ಐತಲ್ಲ, ಗೋಡೆ ಮೇಲೆಲ್ಲ ಚುಕ್ಕಿ ಚುಕ್ಕಿ ಬೆಳಕು ಬೀಳ್ತದಂತೆ."

ಪುಟ್ಟಬಸಮ್ಮ ಇನ್ನೊಮ್ಮೆ ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಲ್ಬಂತೆ! ಆ ಅಜ್ಜಿ ಪುಣ್ಯವಂತೆ, ಊರಿಗೆಲ್ಲ ಬೆಳಕಾಯ್ತಾಳೆ."

ಲಿವರಿನ ಮರದ ಹಿಡಿ ಗದ್ದಕ್ಕೆ ಬಡಿದ ರಭಸಕ್ಕೆ ಸೀಳಿಹೋಗಿತ್ತು. ಕೆಳಗಿನಿಂದ ನೀರೂ ಸೋರುತ್ತಿತ್ತು. ಪುಟ್ಟಬಸಮ್ಮ ಕಾಂಪೌಂಡಿನ ಬಳಿ ನಿಂತು ಹಿಂದಿನ ಮನೆಯ ಮಹದೇವಪ್ರಸಾದನನ್ನು ಕೂಗಿದರು. ಅವನು ಬಸ್ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ರಿಪೇರಿ ಅಂದರೆ ಹಬ್ಬದೂಟಕ್ಕೆ ಕರೆದಂತೆ ಓಡಿಬರುವವನು.

ಅವನು ಯಂತ್ರದ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಕಿವಿಯಿಟ್ಟು ಕೇಳಿದ. "ಸಾರ್, ಇದು ಬಸ್ಸೇ. ಬಾಯ್ಲರ್ ಅನ್ನೋದು ಇಂಜಿನ್ನು. ಇದು ಗೇರು. ವಾಷರ್ ಹೋಗೈತೆ, ಅಷ್ಟೇ."

ರಮಾಮಣಿಯ ಹಳೇ ಕುಕ್ಕರಿನ ರಬ್ಬರನ್ನು ಕತ್ತರಿಸಿ ಅವನು ವಾಷರ್ ಮಾಡಿದ. ಸೀಳಿದ ಹಿಡಿಯ ಜಾಗಕ್ಕೆ ಮನೆಯಿಂದ ಒಂದು ಬಸ್ಸಿನ ಗೇರ್ ಗುಂಡನ್ನು ತಂದು ತಿರುಪಿದ. ಕರಿ ಗುಂಡು, ಮೇಲೆ ಬಿಳಿ ಅಂಕಿಗಳಲ್ಲಿ ಒಂದು, ಎರಡು, ಮೂರು, ನಾಲ್ಕು. ರಿವರ್ಸ್ ಗುರುತು ಮಾತ್ರ ಸವೆದು ಅಳಿಸಿಹೋಗಿತ್ತು. "ಇಪ್ಪತ್ತೆರಡು ವರ್ಷ ಕೆಸರೆ ರೂಟಿನಲ್ಲಿ ಓಡಿದ ಗುಂಡು ಸಾರ್. ನಿಮಗೆ ಅಂತ ಕೊಡ್ತಾ ಇದ್ದೀನಿ," ಎಂದು ಅವನು ಅದನ್ನು ಅಂಗಿಯ ಅಂಚಿನಿಂದ ಒಮ್ಮೆ ಒರೆಸಿದ. ಯಂತ್ರ ಮತ್ತೆ ಸೋರಲಿಲ್ಲ. ವಾಗೀಶನಿಗೆ ನಿಜವಾಗಿಯೂ ಸಂತೋಷವಾಯಿತು.

ಎರಡು ಗಂಟೆಗೆ ಪುಡಿ ತುಂಬಿದರು. ಮನೆಯಲ್ಲಿದ್ದ ಕಾಫಿಪುಡಿಯನ್ನೇ ಹಿಡಿಯುಳ್ಳ ಬಟ್ಟಲಿಗೆ ಒತ್ತಿ ಒತ್ತಿ ತುಂಬಿ, ಯಂತ್ರದ ಬಾಯಿಗೆ ಸಿಕ್ಕಿಸಿ, ಲಿವರ್ ಎಳೆದು ಬಿಟ್ಟರು. ಲಿವರ್ ಕೆಳಗೇ ನಿಂತಿತು. ಲೋಟಕ್ಕೆ ಒಂದು ಹನಿಯೂ ಬೀಳಲಿಲ್ಲ. ಮೂವರೂ ಬಗ್ಗಿ, ಬಾವಿಗೆ ಬಿದ್ದ ಉಂಗುರ ಹುಡುಕುವವರಂತೆ ಲೋಟದೊಳಗೆ ನೋಡಿದರು.

"ಬಟ್ಟಲು ಬಿಚ್ಚಿ ನೋಡಣ," ಎಂದ ಮಹದೇವಪ್ರಸಾದ.

ಬಿಚ್ಚಬಾರದಾಗಿತ್ತು. ಒಳಗೆ ಕಟ್ಟಿಕೊಂಡಿದ್ದ ಒತ್ತಡವೆಲ್ಲ ಒಂದೇ ಸಲ ಸೀನಿತು. ಚಾವಣಿಯ ಮೇಲೆ ಕಾಫಿ, ಕ್ಯಾಲೆಂಡರಿನ ಮೇಲೆ ಕಾಫಿ, ಮಹದೇವಪ್ರಸಾದನ ಕನ್ನಡಕ ಎರಡು ಕಪ್ಪು ಬಿಲ್ಲೆ. ಪುಟ್ಟಬಸಮ್ಮನವರ ವಿಭೂತಿಯ ಮೂರು ಪಟ್ಟೆಗಳ ಕೆಳಗೆ ನಾಲ್ಕನೆಯದೊಂದು ಮೂಡಿತ್ತು. ಪುಣ್ಯಕ್ಕೆ ಯಾರಿಗೂ ಸುಡಲಿಲ್ಲ.

"ಶಿವ ಶಿವಾ," ಎಂದು ಅವರು ಹಣೆಯಿಂದ ಒಂದಿಷ್ಟು ಕೆನ್ನೆಗಿಳಿದದ್ದನ್ನು ಬೆರಳಲ್ಲಿ ತೆಗೆದು ನೆಕ್ಕಿದರು. ಸ್ವಲ್ಪ ಯೋಚಿಸಿದರು. "ವಾಗೀಶಪ್ಪ, ಇದರಲ್ಲಿ ಚಿಕೋರಿ ಐತೆ."

"ಇರುತ್ತಲ್ಲ, ಮೈಸೂರಲ್ಲಿ ಚಿಕೋರಿ ಇಲ್ಲದೆ ಯಾರು ಕುಡೀತಾರೆ?"

"ನಮ್ಮ ಫಿಲ್ಟರ್‌ಗೆ ಸರಿ. ಬಿಸಿನೀರು ಬಿದ್ರೆ ಚಿಕೋರಿ ರಾಗಿ ಅಂಬಲಿ ಅಂಗೆ ಅಂಟಾಯ್ತದೆ. ಈ ಇಟಲಿಯೋನ ಗಂಟಲು ಸಣ್ಣದು, ಕಟ್ಕೊಂಡ್ಬುಟ್ಟದೆ."

ಗಡ್ಡದ ಹುಡುಗ ಹನ್ನೊಂದು ಸಲವೂ ಇದನ್ನು ಹೇಳಿರಲಿಲ್ಲ. ಅವನು ಚಿಕೋರಿಯನ್ನು ಕಂಡೇ ಇರಲಿಲ್ಲವೇನೋ. ಪುಟ್ಟಬಸಮ್ಮ ಮನೆಗೆ ಹೋಗಿ ಹುರಿದ ಕಾಫಿ ಬೀಜ ತಂದು, ತಾವೇ ಬೀಸಿಕೊಟ್ಟರು. ಮೊದಲ ಸಲ ರವೆಯಷ್ಟು ದಪ್ಪವಾಗಿ ನೀರು ಜಾರಿಹೋಯಿತು. ಎರಡನೆಯ ಸಲ ಹಿಟ್ಟಿನಷ್ಟು ನುಣ್ಣಗಾಗಿ ಲಿವರ್ ಮುಷ್ಕರ ಹೂಡಿತು. ಈ ಸಲ ಯಾರೂ ಬಟ್ಟಲು ಬಿಚ್ಚದೆ ಹತ್ತು ನಿಮಿಷ ದೂರ ನಿಂತು ಕಾದರು. ಮೂರನೆಯ ಸಲ ಹದ ಸಿಕ್ಕಿತು. ಪುಡಿಯನ್ನು ಒತ್ತಲು ಅವರು ತಮ್ಮ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಯನ್ನೇ ಸೊಂಟದ ಚೀಲದಿಂದ ತೆಗೆದುಕೊಟ್ಟರು. ಅದು ಬಟ್ಟಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ವಾಗೀಶ ಗೇರ್ ಗುಂಡು ಹಿಡಿದು ಎಳೆದ. ಐದು ಎಣಿಸಿ ಬಿಟ್ಟ. ಲಿವರ್ ದೇವರ ಪಲ್ಲಕ್ಕಿ ಏಳುವಂತೆ ನಿಧಾನವಾಗಿ ಮೇಲೆದ್ದಿತು. ಜೇನಿನಂಥ ಒಂದು ಎಳೆ ಲೋಟಕ್ಕಿಳಿಯಿತು. ಅಡುಗೆಮನೆಯ ತುಂಬ ಪರಿಮಳ, ಜೊತೆಗೆ ಕುಟ್ಟಾಣಿಯಿಂದ ಬಂದ ಒಂಚೂರು ಲವಂಗದ ವಾಸನೆ.

ಪುಟ್ಟಬಸಮ್ಮ ಲೋಟದೊಳಗೆ ನೋಡಿದರು. "ಇಷ್ಟೇನಾ? ಇದು ಕಾಫಿನೋ ತೀರ್ಥನೋ?" ಎಂದು ಅಂಗೈ ಬಟ್ಟಲು ಮಾಡಿ ಮೂರು ಹನಿ ಹಾಕಿಸಿಕೊಂಡು, ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡರು. "ಚೆನ್ನಾಗೈತೆ. ಆದ್ರೆ ರಮಾಮಣಿಗೆ ಲೋಟ ತುಂಬ ಬೇಕು."

ಲೋಟ ತುಂಬಲು ಎಂಟು ಸಲ ಎಳೆಯಬೇಕಾಯಿತು. ಎಂಟನೆಯದಾದಾಗ ವಾಗೀಶನ ಬಲಗೈ ಒಣಗಲು ಹಾಕಿದ ಪಂಚೆಯ ಹಾಗೆ ತೂಗಾಡುತ್ತಿತ್ತು. ಹಾಲು ಬೆರೆಸಿ ನೊರೆ ಬರುವಂತೆ ಎತ್ತಿ ಹೊಯ್ಯುವಷ್ಟರಲ್ಲಿ ಗೇಟಿನ ಸದ್ದಾಯಿತು. ಐದು ಗಂಟೆ.

ರಮಾಮಣಿ ಒಳಗೆ ಬಂದು ಚಾವಣಿ ನೋಡಿದಳು. ಕ್ಯಾಲೆಂಡರ್ ನೋಡಿದಳು. ಗಂಡನ ಹಳದಿ ಗದ್ದ ನೋಡಿದಳು.

"ಮೊದಲು ಕೂತ್ಕೊ ತಾಯಿ," ಎಂದರು ಪುಟ್ಟಬಸಮ್ಮ. "ಕಾಫಿ ಕುಡಿ. ಬಯ್ಯೋದು ಆಮೇಲೆ ಇದ್ದೇ ಐತೆ."

ಅವಳು ಕುಡಿದಳು. ಮೂವರೂ ಫಲಿತಾಂಶಕ್ಕೆ ನಿಂತ ಮಕ್ಕಳಂತೆ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಯಾರು ಮಾಡಿದ್ದು ಇದು? ಎಷ್ಟು ಚೆನ್ನಾಗಿದೆ," ಎಂದಳು ರಮಾಮಣಿ.

ಆ ಒಂದು ಮಾತಿಗೆ ವಾಗೀಶ ಕರಗಿಹೋದ. ಒಂದೇ ಉಸಿರಿಗೆ ಟವೆಲು, ಚಂದ್ರು, ರೆಸಾರ್ಟು, ಬಲ್ಬು ಎಲ್ಲ ಹೇಳಿಬಿಟ್ಟ. "ನಿಮ್ಮಜ್ಜಿ ಫಿಲ್ಟರನ್ನ ಕೊಟ್ಟುಬಿಟ್ಟೆ ಕಣೇ. ತಪ್ಪಾಯ್ತು."

"ನಮ್ಮಜ್ಜಿ ಫಿಲ್ಟರಾ?" ರಮಾಮಣಿ ಬಟ್ಟೆಯ ಚೀಲಕ್ಕೆ ಕೈ ಹಾಕಿ ಚೂಡಾಮಣಿಯವರ ಫಿಲ್ಟರನ್ನು ತೆಗೆದು ಮೇಜಿನ ಮೇಲಿಟ್ಟಳು. "ಇದು ಬೆಳಿಗ್ಗೆಯಿಂದ ನನ್ನ ಹತ್ರಾನೇ ಇದೆಯಲ್ರೀ. ನನ್ನ ತಂಗಿ ಹಾಕೋ ಡಿಕಾಕ್ಷನ್ ಬಾಯಿಗಿಡೋಕೆ ಆಗಲ್ಲ ಅಂತ, ಅಲ್ಲಿಗೆ ಹೋದಾಗಲೆಲ್ಲ ಇದನ್ನ ತಗೊಂಡೇ ಹೋಗ್ತೀನಿ. ಇಪ್ಪತ್ತಾರು ವರ್ಷದಿಂದ ನೋಡಿಲ್ವಾ ನೀವು?"

ಅಡುಗೆಮನೆ ನಗೆಯಿಂದ ತುಂಬಿತು. ಮಹದೇವಪ್ರಸಾದ ಗೇರ್ ಗುಂಡನ್ನು ತಟ್ಟಿದ. ಎಲ್ಲರಿಗಿಂತ ಜೋರಾಗಿ ನಕ್ಕವರು ಪುಟ್ಟಬಸಮ್ಮ. "ನಾನು ಹೇಳ್ನಿಲ್ವಾ ವಾಗೀಶಪ್ಪ, ಸುಮ್ಮನೆ ಹೆದರಿದ್ರಿ."

ನಗು ಇಳಿದ ಮೇಲೆ ವಾಗೀಶನ ಕರಡು ತಿದ್ದುವ ಬುದ್ಧಿ ತಡವಾಗಿ ಎಚ್ಚೆತ್ತಿತು.

"ಹಾಗಾದ್ರೆ ನಾನು ಕೊಟ್ಟಿದ್ದು ಯಾವುದು?"

ರಮಾಮಣಿ ಮೂಲೆಯ ಬುಟ್ಟಿಯತ್ತ ನೋಡಿದಳು. ಆಮೇಲೆ ಮೆಲ್ಲಗೆ ಪುಟ್ಟಬಸಮ್ಮನವರತ್ತ ತಿರುಗಿದಳು. "ಭಾನುವಾರ ಮೂವತ್ತು ಜನಕ್ಕೆ ಒಂದು ಫಿಲ್ಟರ್ ಸಾಲಲ್ಲ ಅಂತ..."

ಪುಟ್ಟಬಸಮ್ಮನವರ ನಗು ಬಾಯಲ್ಲೇ ನಿಂತಿತು. "ನಮ್ಮತ್ತೆ ಮಹದೇವಮ್ಮನೋರ್ದು," ಎಂದರು. "ಬೆಳಿಗ್ಗೆ ನಾನು ಬಂದದ್ದೇ ಅದನ್ನ ಇಸ್ಕೊಂಡೋಗೋಕೆ. ಅಡೀಲಿ ಅಷ್ಟು ದಪ್ಪಕ್ಕೆ ಹೆಸರು ಕೊರೆಸಿದ್ರಲ್ಲ."

ಕಾಫಿಯ ಒಂದು ಹನಿ ಚಾವಣಿಯಿಂದ ತೊಟ್ಟಿಕ್ಕಿತು.

ಪುಟ್ಟಬಸಮ್ಮ ಸಣ್ಣ ದನಿಯಲ್ಲಿ ಕೇಳಿದರು. "ಆ ಬಲ್ಬು... ಎಷ್ಟು ವ್ಯಾಟಿಂದಂತೆ?"

ರಮಾಮಣಿ ಎದ್ದಳು. ಅಜ್ಜಿಯ ಫಿಲ್ಟರನ್ನು ತೊಳೆದು ಒರೆಸಿದಳು. ಇಸಿದುಕೊಂಡ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದು ಅವಳಿಗೆ ಅಭ್ಯಾಸವಿಲ್ಲ. ಅರ್ಧದವರೆಗೆ ಸಕ್ಕರೆ ತುಂಬಿ ಪುಟ್ಟಬಸಮ್ಮನವರ ಕೈಗಿಟ್ಟಳು. ಅವರು ಬೇಡವೆಂದರು. ಮತ್ತೆ ಬೇಡವೆಂದರು. ಮೂರನೆಯ ಸಲ ಬೇಡವೆನ್ನುವಾಗ ಫಿಲ್ಟರ್ ಆಗಲೇ ಸೆರಗಿನೊಳಗಿತ್ತು.

"ನೀನು ಯೋಚನೆ ಮಾಡಬ್ಯಾಡ ಕಣಮ್ಮ," ಎಂದರು ರಮಾಮಣಿಯ ಬೆನ್ನು ಸವರುತ್ತ. "ದಿನಾ ಬೆಳಿಗ್ಗೆ ಒಂದು ಲೋಟ ಡಿಕಾಕ್ಷನ್ ಕಾಂಪೌಂಡ್ ಮೇಲೆ ಇಟ್ಟಿರ್ತೀನಿ."

"ನನಗೆ?" ಎಂದ ವಾಗೀಶ.

"ನಿಮಗೆ ಮಿಷನ್ ಇದೆಯಲ್ಲ," ಎಂದಳು ರಮಾಮಣಿ. "ಎಂಟು ಸಲ ಎಳ್ಕೊಳ್ಳಿ." ಹಾಗೆಂದರೂ ಅವನ ಗದ್ದದ ಊತವನ್ನು ಬೆರಳಿನಿಂದ ಮುಟ್ಟಿ ನೋಡಿ, ಇನ್ನೊಂದಿಷ್ಟು ಅರಿಶಿನ ತರಲು ಒಳಗೆ ಹೋದಳು.

ಅಜ್ಜಿಯ ಫಿಲ್ಟರ್ ಪುಟ್ಟಬಸಮ್ಮನವರ ಸೆರಗಿನಲ್ಲಿ ಗೇಟು ದಾಟುವುದನ್ನು ವಾಗೀಶ ಕಿಟಕಿಯಿಂದ ನೋಡಿದ. ಆಮೇಲೆ ಮಹದೇವಪ್ರಸಾದನ ಕಿವಿಯ ಹತ್ತಿರ ಬಗ್ಗಿದ. "ಪ್ರಸಾದ್, ಈ ಯಂತ್ರ ವಾಪಸ್ ಕೊಟ್ಟರೆ ಚಂದ್ರು ಏನಾದ್ರೂ..."

ಮಹದೇವಪ್ರಸಾದ ಕನ್ನಡಕದ ಅಂಚಿನಲ್ಲಿ ಉಳಿದಿದ್ದ ಕಾಫಿ ಒರೆಸಿಕೊಂಡು, ಗೇರ್ ಗುಂಡನ್ನು ಹತ್ತಿರದಿಂದ ನೋಡಿದ.

"ಒಂದು, ಎರಡು, ಮೂರು, ನಾಲ್ಕು ಎಲ್ಲ ಐತೆ ಸಾರ್," ಎಂದ. "ರಿವರ್ಸ್ ಮಾತ್ರ ಸವೆದೋಗೈತೆ."